ಆಯಿ, ತಾಈ ಮತ್ತು ಒಂದು ಫರಶಿ ಚೂರು

ಲಿಂಬೆರಸದ ಹನಿ ನೆಲಕ್ಕೆ ಬಿದ್ದರೆ ನೀವು ಏನು ಮಾಡುತ್ತೀರಿ? ಒರೆಸುತ್ತೀರಿ. ನಾನೂ ಇಷ್ಟು ವರ್ಷ ಒರೆಸಿಕೊಂಡೇ ಬಂದವಳು. ಮೊನ್ನೆ ಅವಲಕ್ಕಿಗೆ ಲಿಂಬೆ ಹಿಂಡುವಾಗ ಎರಡು ಹನಿ ಕೈಜಾರಿ ಅಡಿಗೆಮನೆಯ ನೆಲದ ಮೇಲೆ ಬಿದ್ದವು. ನಾನು ಒರೆಸುವ ಅರಿವೆ ಹುಡುಕಲಿಲ್ಲ. ಮೊಣಕಾಲು ಹಿಡಿದುಕೊಂಡು, ಶಿವನೇ ಶಿವನೇ ಎನ್ನುತ್ತ ಬಗ್ಗಿ, ನೆಲಕ್ಕೆ ಕಿವಿ ಹಚ್ಚಿದೆ. ಬಾಗಿಲಲ್ಲಿ ಬಂದ ಸೊಸೆ ಸುನಂದಾ ಗಾಬರಿಯಾದಳು.

"ಅತ್ತೀ, ಬಿದ್ರೇನ್ರಿ?"

"ಬಿದ್ದಿಲ್ಲವ್ವಾ. ಕಲ್ಲು ಏನರ ಅಂತದೇನು ಕೇಳ್ಲಾಕತ್ತೀನಿ."

"ಏನಂತದ್ರಿ ಮತ್ತ?"

"ನನ್ನ ಮುಂದ ತುಟಿ ಬಿಚ್ಚವಲ್ದು. ನಿನ್ನ ಮಗಳ ಮುಂದ ಅಷ್ಟೇ ಮಾತಾಡ್ತದ ಇದು."

ಆ ಮಗಳು ಎಂದರೆ ನನ್ನ ಮೊಮ್ಮಗಳು ಶರಣವ್ವ. ನಮ್ಮ ಬಾಯಲ್ಲಿ ಶರಣಿ. ಹತ್ತು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಬಾಕಿ ಎಲ್ಲ ಕಾಣುತ್ತದೆ. ಯಾರು ಬಂದರೆಂದು ಚಪ್ಪಲಿಯ ಸಪ್ಪಳದಿಂದ ಹೇಳುತ್ತಾಳೆ, ಬಂದವರ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ಚಪ್ಪಲಿ ಬಿಟ್ಟ ರೀತಿಯಿಂದ ಹೇಳುತ್ತಾಳೆ. ಅವಳ ಸುದ್ದಿ ತೆಗೆದೆನೆಂದರೆ ನನ್ನ ಬಾಯಿಗೆ ಬಾಗಿಲಿಲ್ಲ. ಪುಣೆಯ ಧನಕವಡಿಯಲ್ಲಿ ನಮ್ಮ ಓಣಿಯ ಹೆಂಗಸರು ನಾನು ದೂರದಲ್ಲಿ ಕಂಡರೇ "ಗ್ಯಾಸಿನ ಮೇಲೆ ಹಾಲಿಟ್ಟು ಬಂದೆ" ಎಂದು ಒಳಗೆ ಓಡುತ್ತಾರೆ. ಒಂದೇ ಹೊತ್ತಿಗೆ ಓಣಿಯ ಎಲ್ಲ ಮನೆಗಳಲ್ಲೂ ಹಾಲು ಹೇಗೆ ಕಾಯುತ್ತದೋ ಕಾಣೆ. ನಿಮ್ಮ ಮನೆಯಲ್ಲಿ ಹಾಲಿದ್ದರೆ ಈಗಲೇ ಇಳಿಸಿ ಬಂದು ಕೂಡಿರಿ. ಇದು ನನ್ನ ಸಂತೋಷದ ಸುದ್ದಿ. ಸಂತೋಷದ ಜೊತೆಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಿಟ್ಟ ಸುದ್ದಿಯೂ ಹೌದು. ಅದನ್ನೂ ಹೇಳಿಬಿಡುತ್ತೇನೆ.

ನಾನು ಕಲ್ಲಿನವಳು. ನಮ್ಮೂರು ಶಹಾಬಾದಿನ ಕಡೆ. ಪುಣೆಯಲ್ಲಿ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಬೂದು ಬಣ್ಣದ ಚಪ್ಪಟೆ ಕಲ್ಲು ಇದೆಯಲ್ಲ, ಇಲ್ಲಿಯವರು ಫರಶಿ ಅನ್ನುತ್ತಾರೆ, ಅದು ನಮ್ಮೂರ ಭೂಮಿಯಿಂದ ಎದ್ದು ಬಂದದ್ದು. ಅದನ್ನು ಹಾಸುವ ಕೆಲಸಕ್ಕೆಂದು ನಮ್ಮ ಯಜಮಾನರು ಪುಣೆಗೆ ಬಂದರು, ಅವರ ಹಿಂದೆ ನಾನು. ಮೊದಲು ಯೆರವಡೆಯಲ್ಲಿ ತಗಡಿನ ಪತ್ರಾಸಿನ ಮನೆ, ಆಮೇಲೆ ಧನಕವಡಿಯ ಈ ಎರಡು ಕೋಣೆ. ಯಜಮಾನರು ಫರಶಿ ಹಾಸುತ್ತಿದ್ದರು, ನಾನು ಬೀಸುಕಲ್ಲು, ಅರೆಯುವ ಕಲ್ಲುಗಳಿಗೆ ಮುಳ್ಳು ಹೊಡೆಯುತ್ತಿದ್ದೆ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಅರೆದು ಅರೆದು ಕಲ್ಲು ನುಣ್ಣಗಾದರೆ ಕೊಬ್ಬರಿ ಜಾರುತ್ತದೆ, ಹೆಣ್ಣುಮಗಳ ತೋಳು ನೋಯುತ್ತದೆ, ಚಟ್ನಿ ಮಾತ್ರ ಆಗುವುದಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮೈತುಂಬ ಸಣ್ಣ ಸಣ್ಣ ಚುಕ್ಕಿ ಕೆತ್ತಬೇಕು. ಅದೇ ಮುಳ್ಳು. ಪುಣೆಯ ಮಾತಿನಲ್ಲಿ ಟಾಕಿ. "ಪಾಟ್ಯಾಲಾ ಟಾಕೀಽಽ" ಎಂದು ನಾನು ಕೂಗಿದರೆ ಮೂರನೆಯ ಮಹಡಿಯ ಕಿಟಕಿ ತೆರೆಯುತ್ತಿತ್ತು. ಮಿಕ್ಸರ್ ಬಂತು, ಕಿಟಕಿ ಮುಚ್ಚಿತು. ಮಗ ಈಗ ಟೈಲ್ಸ್ ಹಾಕುತ್ತಾನೆ. ಟೈಲ್ಸಿಗೆ ನಾನು ಕಲ್ಲು ಅನ್ನುವುದಿಲ್ಲ; ಮುಖಕ್ಕೆ ಪೌಡರ್ ಬಳಿದ ಮಣ್ಣು ಅನ್ನುತ್ತೇನೆ. ಮಗನಿಗೆ ಸಿಟ್ಟು ಬರುತ್ತದೆ.

ನನ್ನ ಕೈಯ ಎರಡು ದೋಷಗಳನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತವೆ. ಒಂದು, ನಾನು ಎಡಚಿ. ಬಲಗೈಯವರು ಹೊಡೆದ ಮುಳ್ಳು ಒಂದು ಕಡೆ ವಾಲಿದರೆ ನನ್ನದು ಇನ್ನೊಂದು ಕಡೆ ವಾಲುತ್ತದೆ. ಎರಡು, ನನ್ನ ಉಳಿಯ ತುದಿ ಮುಕ್ಕಾಗಿದೆ. ಅಪ್ಪನ ಉಳಿ, ಬಿಸಾಡಲು ಮನಸ್ಸಿಲ್ಲ. ಒಂದು ಏಟು ಹೊಡೆದರೆ ಎರಡು ಚುಕ್ಕಿ ಬೀಳುತ್ತವೆ, ಒಂದರ ಕೆಳಗೆ ಒಂದು.

ಶರಣಿ ನಡೆಯಲು ಕಲಿಯುವ ಮೊದಲೇ ಕಲ್ಲು ಮುಟ್ಟಲು ಕಲಿತಳು. ನನ್ನ ತೊಡೆಯ ಮೇಲೆ ಕುಳಿತು ಅರೆಯುವ ಕಲ್ಲಿನ ಮೈ ಸವರುತ್ತಿದ್ದಳು. ಕರಿಕಲ್ಲು ಯಾವುದು, ಫರಶಿ ಯಾವುದು, ಬಡಿದರೆ ಯಾವುದು ಗಂಟೆಯಂತೆ ಅನ್ನುತ್ತದೆ, ಯಾವುದು ಹಲಗೆಯಂತೆ ಅನ್ನುತ್ತದೆ, ಯಾವುದು ಚಳಿಗಾಲದಲ್ಲಿ ಬೇಗ ತಣ್ಣಗಾಗುತ್ತದೆ, ಎಲ್ಲ ನಾನು ಕಲಿಸಿದ್ದು. ಆಮೇಲೆ ಶಾಲೆಗೆ ಹೋಗಿ ಚುಕ್ಕಿಯ ಅಕ್ಷರ ಕಲಿತಳು. ಬೆರಳಿಂದ ಓದುವ ಬ್ರೈಲ್. ಒಂದು ದಿನ ಮನೆಗೆ ಬಂದವಳು ಅರೆಯುವ ಕಲ್ಲಿನ ಮೇಲೆ ಕೈಯಾಡಿಸಿ ಬಿದ್ದು ಬಿದ್ದು ನಕ್ಕಳು.

"ಆಯಿ, ನೀ ಕಲ್ಲಿನ ಮ್ಯಾಲ ಬರದೀಯಲ್ಲ!"

"ಏನ ಬರದೀನಿ?"

"ಬ ಬ ಬ ಬ ಬ! ಒಂದರ ಕೆಳಗ ಒಂದು ಎರಡು ಚುಕ್ಕಿ ಅಂದ್ರ 'ಬ'. ಎಲ್ಲಾ 'ಬ'ನೂ ಕುಡದವರ ಗತಿ ವಾಲ್ಯಾವ!"

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಪುಣೆಯ ಎಷ್ಟು ಮನೆಗಳಲ್ಲಿ ನನ್ನ 'ಬ' ಅರೆದು ಅರೆದು ಚಟ್ನಿಯಾಗಿದೆಯೋ! ಅವತ್ತು ಖುಷಿಗೆ ಊಟವೇ ಸೇರಲಿಲ್ಲ.

ಹೀಗೆ ಕಲ್ಲಿನ ವಿಷಯದಲ್ಲಿ ಆ ಹುಡುಗಿಗೆ ನಾನೇ ಶಾಲೆ, ನಾನೇ ಮಾಸ್ತರಿಣಿ ಆಗಿದ್ದೆ. ಆಗ ಬಂದಳು ತಾಈ.

ಶರಣಿಯ ಶಾಲೆಯಲ್ಲಿ ಎಲ್ಲ ತರಹದ ಮಕ್ಕಳೂ ಒಂದೇ ಕೋಣೆಯಲ್ಲಿ ಕಲಿಯುತ್ತವೆ. ಕಣ್ಣು ಕಾಣುವವರು, ಕಾಣದವರು, ಕಿವಿ ಕೇಳದವರು, ಒಂದು ಕಡೆ ಕೂಡಲಾರದವರು. ಅಲ್ಲಿ ಕಲಿಸುವ ಬಾಯಿಗಳನ್ನು, ಅಂದರೆ ಮಾಸ್ತರಿಣಿಯರನ್ನು, ಮಕ್ಕಳು ಟೀಚರ್ ಅನ್ನುವುದಿಲ್ಲ, ತಾಈ ಅನ್ನುತ್ತಾರೆ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಅದು ನನಗೂ ಗೊತ್ತು, ಪುಣೆಯ ನೀರು ಇಷ್ಟು ವರ್ಷ ಕುಡಿದಿದ್ದೇನೆ. ಆದರೆ ಕಿವಿ ಕನ್ನಡದ್ದು. ಹೊಸ ವಿಜ್ಞಾನದ ಬಾಯಿ ಗೌರಿ ತಾಈ ಬಂದಾಗಿನಿಂದ ಶರಣಿ ಮನೆಗೆ ಬಂದು ಚೀಲ ಒಗೆದು, "ತಾಈ ಹಂಗಂದಳು, ತಾಈ ಹಿಂಗಂದಳು" ಎಂದು ಶುರುಮಾಡಿದರೆ ನನ್ನ ಕಿವಿಗೆ ಬೀಳುತ್ತಿದ್ದದ್ದು "ತಾಯಿ ಹಂಗಂದಳು, ತಾಯಿ ಹಿಂಗಂದಳು". ಇತ್ತ ನಾನು ಅವಳಿಗೆ ಆಯಿ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಪುಣೆಯಲ್ಲಿ ಆಈ ಎಂದರೆ ಹಡೆದವಳು. ಒಂದು ಸಂಜೆ ಶರಣಿ, "ಕಲ್ಲಿನ ಸುದ್ದಿ ಆಯಿಗಿಂತ ತಾಈಗೇ ಜಾಸ್ತಿ ಗೊತ್ತದ" ಎಂದಳು. ಸುನಂದಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಸೊಂಟಕ್ಕಿಟ್ಟು ಹೇಳಿದಳು:

"ಛಲೋ ಆತು. ಹಡದಾಕಿ ನಾ. ಇಲ್ಲೊಬ್ಬಾಕಿ ಆಯಿ, ಅಲ್ಲೊಬ್ಬಾಕಿ ತಾಈ. ಇಬ್ಬರೂ ಹಂಚಿಕೊಂಡು ಉಳದ್ರ ನನಗೂ ಒಂದೀಟು ಕೊಡ್ರಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನಗಿಂತ ಜಾಸ್ತಿ? ಕಲ್ಲು? ಆಕೆಯ ಅಂಗೈ ಒಮ್ಮೆ ನೋಡಬೇಕು, ಗುಳ್ಳೆಯಾದರೂ ಎದ್ದಿದೆಯೋ ಎಂದುಕೊಂಡೆ.

ಮನೆಯಲ್ಲಿ ಇನ್ನೊಂದು ರೋಗ ಹಬ್ಬಿತು. ಗೌರಿ ತಾಈ ಮಕ್ಕಳಿಗೆ ಯಾವುದನ್ನೂ ಹೇಳಿಕೊಡುವುದಿಲ್ಲವಂತೆ, ಮಕ್ಕಳು ಏನಾದರೂ ಹೇಳಿದರೆ "ಕಶಾವರೂನ್?" ಎಂದು ಕೇಳುತ್ತಾಳಂತೆ. ಯಾವುದರ ಮೇಲಿಂದ ಹಾಗೆ ಹೇಳುತ್ತೀ, ನಿನಗೆ ಹೇಗೆ ಗೊತ್ತು ಎಂದು ಅದರ ಅರ್ಥ. ಶರಣಿ ಅದನ್ನು ಕಲಿತುಬಿಟ್ಟಳು.

"ಶರಣಿ, ಹೊರಗ ಹೋಗಬ್ಯಾಡ, ಮಳಿ ಬರ್ತದ."

"ಕಶಾವರೂನ್?"

"ನನ್ನ ಮೊಣಕಾಲು ನೋಯ್ತಾವ, ಅದಕ್ಕ."

"ನಿನ್ನಿನೂ ನೋಯ್ತಿದ್ದವು. ಮಳಿ ಬರಲಿಲ್ಲಲ್ಲ."

ಅವಳ ಅಪ್ಪ ಒಂದು ದಿನ ಫೋನಿನಲ್ಲಿ ಮೇಸ್ತ್ರಿಗೆ "ನಾ ಹಡಪಸರದಾಗ ಟ್ರಾಫಿಕ್ಕಿನ್ಯಾಗ ಸಿಕ್ಕೀನ್ರಿ" ಎಂದು ಹೇಳುತ್ತ ನಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಹಿಂದಿನಿಂದ ಇವಳು ಗಟ್ಟಿಯಾಗಿ, "ಕಶಾವರೂನ್, ಪಪ್ಪಾ?" ಎಂದಳು. ಮೇಸ್ತ್ರಿಗೂ ಕೇಳಿಸಿತು. ನಾನು ಮಾತ್ರ ಈ ಮಾತನ್ನು ಬಾಯಲ್ಲಿ ತರುವುದಿಲ್ಲವೆಂದು ಹಟ ಹಿಡಿದಿದ್ದೆ. ಅದು ಆಕೆಯ ಮಾತು.

ಹೀಗಿರುವಾಗ ಶಾಲೆಯಿಂದ ಚೀಟಿ ಬಂತು. ಮಕ್ಕಳನ್ನು ಗುಡ್ಡಕ್ಕೆ ಕಲ್ಲು ನೋಡಲು ಕರೆದೊಯ್ಯುತ್ತೇವೆ, ಪ್ರತಿ ಮಗುವಿನ ಜೊತೆ ಆಈ ಬರಬೇಕು. ಸುನಂದಾ ಮಸಾಲೆ ಕಾರಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ, ರಜೆ ಸಿಗುವುದು ಕಷ್ಟ. "ಅಪ್ಪನ್ನ ಕಳಸೂಣೇನು?" ಎಂದು ಅವಳು ಚಿಂತೆ ಮಾಡುತ್ತಿದ್ದಳು.

"ಚೀಟ್ಯಾಗ ಏನ ಬರದಾರ? ಇನ್ನೊಮ್ಮಿ ಓದು."

"ಆಈ ಬರಬೇಕು ಅಂತ ಬರದಾರ್ರಿ."

"ಮತ್ತ ಆಯಿ ಇಲ್ಲೇ ಕುಂತಾಳಲ್ಲ ಕಣ್ಣ ಮುಂದ!"

ಗುಡ್ಡದ ಬುಡದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಗೌರಿ ತಾಈ ನನ್ನ ನರೆಗೂದಲನ್ನೂ ಶರಣಿಯನ್ನೂ ನೋಡಿ ಒಂದು ಗಳಿಗೆ ಪೆನ್ನು ತಡೆದಳು. ಶರಣಿ, "ಹೀ ಮಾಝೀ ಆಯಿ" ಎಂದಳು, ಇವಳು ನನ್ನ ಆಯಿ. ತಾಈ ಬರೆದುಕೊಂಡಳು. ಮಗು ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಭಾಷೆ ಹೇಳಿರಬೇಕು.

ಆದರೆ ನನ್ನ ಚೀಲದಲ್ಲಿ ಒಂದು ಸುಳ್ಳು ಇತ್ತು. ರೊಟ್ಟಿ, ಶೇಂಗಾಚಟ್ನಿ, ಉಳ್ಳಾಗಡ್ಡಿ, ಒಂದು ಲಿಂಬೆಹಣ್ಣು, ಇವುಗಳ ಅಡಿಯಲ್ಲಿ ಅಂಗೈಯಗಲದ ಒಂದು ಫರಶಿ ಚೂರು. ನಮ್ಮ ಮನೆಯ ನೆಲ ಹಾಸುವಾಗ ಬಚ್ಚಲ ಮೂಲೆಗೆ ಹೊಂದಿಸಲು ನಾನೇ ಅಂಚು ಕೆತ್ತಿದ್ದೆ. ಕೆತ್ತುವಾಗ ಸಿಡಿದ ಆ ಚೂರನ್ನು ಮಂಚದ ಗಿಡ್ಡ ಕಾಲಿಗೆ ಒಡ್ಡಿದ್ದೆವು. ಬೆಳಗ್ಗೆ ಎದ್ದವಳೇ ಅದನ್ನು ಎಳೆದು ತಂದಿದ್ದೆ. ಯಾಕೆ? ಕತ್ರಜದ ಕಡೆಯ ಈ ಗುಡ್ಡಗಳಲ್ಲಿ ಸಿಗುವುದೆಲ್ಲ ಕರಿಕಲ್ಲು. ಅದರ ನಡುವೆ ಫರಶಿ ಇಟ್ಟರೆ ಆ ತಾಈ ಅದಕ್ಕೂ ಈ ಗುಡ್ಡದ್ದೇ ಏನೋ ಒಂದು ದೊಡ್ಡ ಹೆಸರು ಹೇಳುತ್ತಾಳೆ. ಆಗ ನಾನು, "ಬಾಯಾರ, ಇದು ನಮ್ಮೂರ ಕಲ್ಲು" ಎನ್ನಬೇಕು. ಶರಣಿ ಕೇಳಿಸಿಕೊಳ್ಳಬೇಕು. ಅಷ್ಟೇ. ಮಂಚ ಒಂದು ದಿನ ಕುಂಟಿದರೆ ಕುಂಟಲಿ.

ನಾವು ಹೋದದ್ದು ಗುಡ್ಡ ಕಡಿದು ದಾರಿ ಮಾಡಿದ ಒಂದು ಜಾಗಕ್ಕೆ. ಗಾಲಿಕುರ್ಚಿಯ ಹುಡುಗನೂ ಬರಲೆಂದು ಸಮದಾರಿ ಹುಡುಕಿದ್ದಳಂತೆ ತಾಈ. ಎಡಕ್ಕೆ ಕಲ್ಲಿನ ಗೋಡೆ. ಅದರ ಉದ್ದಕ್ಕೂ ಮಕ್ಕಳ ಸೊಂಟದ ಮಟ್ಟಕ್ಕೆ ಒಂದು ಹಗ್ಗ ಕಟ್ಟಿಸಿದ್ದಳು. ಎಲ್ಲಿ ಕಲ್ಲು ಬದಲಾಗುತ್ತದೋ ಅಲ್ಲಿ ಹಗ್ಗಕ್ಕೆ ಗಂಟು. ಕಣ್ಣು ಕಾಣದ ಮಕ್ಕಳು ಹಗ್ಗ ಹಿಡಿದು ನಡೆದು, ಗಂಟು ಸಿಕ್ಕಲ್ಲಿ ನಿಂತು, ಗೋಡೆ ಮುಟ್ಟಿ ನೋಡಬೇಕು. ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಹಗ್ಗ ಯಾಕೆ ಬೇಕು, ನನ್ನ ಕೈ ಇಲ್ಲವೇ? ಹತ್ತು ವರ್ಷ ಇದೇ ಕೈ ಹಿಡಿದು ಅಡ್ಡಾಡಿದ ಹುಡುಗಿ. ಹಗ್ಗ ಬೆರಳಿಗೆ ಸಿಕ್ಕಿದ್ದೇ ಶರಣಿ ನನ್ನ ಕೈ ಬಿಟ್ಟಳು. ಬಿಟ್ಟೆ ಎಂದು ಹೇಳಲೂ ಇಲ್ಲ. ಒಬ್ಬಳೇ ಸರಸರ ಹೋಗಿಬಿಟ್ಟಳು. ಮನುಷ್ಯರ ಮೇಲೆ ಹೊಟ್ಟೆಕಿಚ್ಚುಪಟ್ಟವರನ್ನು ನೀವು ಕಂಡಿರಬಹುದು. ನಾನು ಅವತ್ತು ಒಂದು ನೂಲಿನ ಹಗ್ಗದ ಮೇಲೆ ಪಟ್ಟೆ.

ಅಲ್ಲಿ ನಡೆದ ಮಾತೆಲ್ಲ ಮರಾಠಿ. ನನ್ನ ಬಾಯಿಗೆ ಹೊಂದಿದಂತೆ ಬರೆಯುತ್ತೇನೆ.

ಮೂರನೆಯ ಗಂಟಿನ ಹತ್ತಿರ ಕರಿಕಲ್ಲಿನ ನಡುವೆ ಒಂದು ಮೊಳ ದಪ್ಪದ ಕೆಂಪು ಪಟ್ಟಿ ಇತ್ತು. ಶರಣಿ ಮುಟ್ಟಿದಳು, ಕೆರೆದಳು, ಮೂಸಿದಳು. ಪಕ್ಕದಲ್ಲಿ ಓಂಕಾರ ಎಂಬ ಹುಡುಗ. ಅವನಿಗೆ ಕಿವಿ ಕೇಳುವುದಿಲ್ಲ, ಕಂಡದ್ದನ್ನೆಲ್ಲ ವಹಿಯಲ್ಲಿ ಬರೆದು ಚಿತ್ರ ತೆಗೆಯುತ್ತಾನೆ. ಅವನು ಕೆಂಪು ಬಣ್ಣದ ಪೆನ್ಸಿಲ್ ತೆಗೆದ. ಬಣ್ಣ ಕಾಣದ ಶರಣಿ ಅಂದಳು:

"ತಾಈ, ಇದು ಸುಟ್ಟ ಮಣ್ಣು."

"ಕಶಾವರೂನ್?"

"ನೀರು ಚಿಮುಕಿಸಿದ್ರ ಹೊಸ ಗಡಿಗಿ ವಾಸನಿ ಬರ್ತದ. ಉಗುರಲೆ ಕೆರದ್ರ ಪುಡಿ ಉದುರ್ತದ. ಮ್ಯಾಲಿನ ಕರಿಕಲ್ಲು ಕೆರದ್ರ ನನ್ನ ಉಗುರೇ ಉದುರ್ತದ."

"ಹಂಗಾದ್ರ ಯಾರು ಸುಟ್ಟರು?"

ಮಕ್ಕಳು ಜಗಳಕ್ಕೆ ಬಿದ್ದವು. ಕುಂಬಾರರು ಅಂದಿತು ಒಂದು. ಇಷ್ಟುದ್ದ ಒಲೆ ಯಾವ ಕುಂಬಾರನಿಗೂ ಇಲ್ಲ ಅಂದಿತು ಇನ್ನೊಂದು. ತಾಈ ನಡುವೆ ಬಾಯಿ ಹಾಕಲೇ ಇಲ್ಲ. ಕಡೆಗೆ ಶರಣಿಯೇ ಮೇಲಿನ ಕರಿಕಲ್ಲನ್ನು ತಟ್ಟಿ, "ಇದೇ ಬಿಸಿ ಇದ್ದಿರಬೇಕು. ಇದು ಮ್ಯಾಲ ಬಂದು ಬಿದ್ದು ಕೆಳಗಿನ ಮಣ್ಣು ಸುಟ್ಟದ" ಎಂದಳು. ಆಗ ತಾಈ ಹೇಳಿದಳು, ಈ ಕರಿಕಲ್ಲೆಲ್ಲ ಒಂದು ಕಾಲಕ್ಕೆ ಬೆಂಕಿಯ ಗಂಜಿಯಂತೆ ಹರಿದದ್ದು, ಆರಿದ ಮೇಲೆ ಕಲ್ಲಾದದ್ದು ಎಂದು.

ನಾನು ಆ ಗೋಡೆಗೆ ಆತು ನಿಂತುಬಿಟ್ಟೆ. ಜೀವನವಿಡೀ ನನ್ನ ಉಳಿಯ ಬಾಯಿ ಮೊಂಡು ಮಾಡಿದ ಕಲ್ಲು ಅದು. ಒಂದು ದಿನವಾದರೂ ತಾನು ಬೆಂಕಿಯಾಗಿದ್ದೆ ಎಂದು ನನಗೆ ಹೇಳಿರಲಿಲ್ಲ.

ನಮ್ಮೂರ ಗಣಿಯಲ್ಲಿ ಕಲ್ಲು ಗುಂಡಾಗಿ ಸಿಗುವುದಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದಂತೆ ಪದರ ಪದರ. ಸಂದಿನಲ್ಲಿ ಉಳಿ ಇಟ್ಟು ಮೆಲ್ಲಗೆ ಮೀಟಿದರೆ ಒಂದೊಂದೇ ಎದ್ದು ಬರುತ್ತದೆ. ಚಿಕ್ಕವಳಿದ್ದಾಗ ನಾನು ಮಾಸ್ತರರನ್ನು ಕೇಳಿದ್ದೆ, "ಸರ, ಕಲ್ಲು ಯಾಕ ರೊಟ್ಟಿ ಹಂಗ ಪದರ ಇರ್ತದ್ರಿ?" ಮಾಸ್ತರರು, "ಮದಲ ಎಡಗೈಲೆ ಬರಿಯೂದು ಬಿಡು, ಆಮ್ಯಾಲ ಕಲ್ಲಿನ ಸುದ್ದಿ" ಎಂದು ಗಿಣ್ಣಿನ ಮೇಲೆ ರೂಲಿನಿಂದ ಕೊಟ್ಟರು. ಕೈ ಬದಲಿಸುವುದು ನನ್ನಿಂದ ಆಗಲಿಲ್ಲ, ಶಾಲೆ ಬದಲಿಸಿ ಅಪ್ಪನ ಗಣಿಗೆ ಹೋದೆ. ಅಪ್ಪನನ್ನು ಅದೇ ಕೇಳಿದೆ. "ದೇವರ ಹೇಣ್ತಿ ರೊಟ್ಟಿ ಮಾಡಿ ಒಟ್ಟಿ, ಊಟಕ್ಕ ಕರಿಯೂದು ಮರತಾಳ" ಅಂದ. ಎಷ್ಟೋ ವರ್ಷ ಅದನ್ನೇ ನಂಬಿದ್ದೆ. ಈಗಲೂ ಅದು ಕೆಟ್ಟ ಉತ್ತರ ಅನ್ನಿಸುವುದಿಲ್ಲ. ಕನ್ನಡ ಅಕ್ಷರ ಕೂಡಿಸಿ ಬರೆಯಲು ಕಲಿತದ್ದು ಆಮೇಲೆ, ಪುಣೆಯಲ್ಲಿ, ತವರಿಗೆ ಕಾಗದ ಬರೆಯುವ ಆಸೆಗೆ. ಎಡಗೈಯಲ್ಲೇ ಬರೆದೆ. ಯಾರೂ ಹೊಡೆಯಲಿಲ್ಲ.

ಆ ಕೆಂಪು ಪಟ್ಟಿಯ ಮುಂದೆ ನಿಂತಾಗ ಇದೆಲ್ಲ ನೆನಪಾಯಿತು. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಹೊಟ್ಟೆಕಿಚ್ಚು ತಾಈಯನ್ನು ಬಿಟ್ಟು ಶರಣಿಯ ಮೇಲೆ ತಿರುಗಿತು. ಹೆತ್ತ ಮಗನ ಮಗಳ ಮೇಲೆ! ಅವಳ ಪ್ರಶ್ನೆಗೆ ರೂಲು ಬೀಳಲಿಲ್ಲ, ತಿರುಗಿ ಪ್ರಶ್ನೆಯೇ ಬಂತು. ಹತ್ತು ವರ್ಷದವಳಾಗಿ ನಾನೂ ಆ ಹಗ್ಗ ಹಿಡಿಯಬೇಕಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಬಂತು. ಸಿಟ್ಟಿಗೆ ಚೀಲದಲ್ಲಿ ಕೈ ಹಾಕಿದೆ. ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಕುಳಿತು ನಾಲ್ಕನೆಯ ಗಂಟಿನ ಬುಡದಲ್ಲಿ, ಕರಿಕಲ್ಲಿನ ಹರಳುಗಳ ನಡುವೆ, ಫರಶಿ ಚೂರು ಇಟ್ಟುಬಿಟ್ಟೆ.

ಐದು ನಿಮಿಷ ಆಗಿರಲಿಕ್ಕಿಲ್ಲ.

"ತಾಈ, ಈ ಕಲ್ಲು ಇಲ್ಲಿದಲ್ಲ!"

ಶರಣಿಯ ದನಿ. ಎಲ್ಲರೂ ಓಡಿದರು. ನಾನು ಮೆಲ್ಲಗೆ ಹೋದೆ, ಏನೂ ಗೊತ್ತಿಲ್ಲದವಳಂತೆ ಸೆರಗು ಸರಿಮಾಡುತ್ತ.

"ಕಶಾವರೂನ್?" ಎಂದಳು ತಾಈ.

"ಇಲ್ಲಿ ಕಲ್ಲಿಗೆ ತೂತ ಅದಾವ, ಇದಕ್ಕಿಲ್ಲ. ಇಲ್ಲಿಯವು ಗುಂಡಗ, ಇದು ಚಪ್ಪಟಿ. ನಮ್ಮ ಮನಿ ನೆಲದ ಹಂಗ ಅದ."

"ಅನ್ನೂದು ಬ್ಯಾರೆ, ತೋರಸೂದು ಬ್ಯಾರೆ. ಹೆಂಗ ತೋರಸ್ತಿ? ಹುಳಿ ಬಿದ್ರ ಕೆಲವು ಕಲ್ಲು ಸುಮ್ಮನಿರ್ತಾವ, ಕೆಲವು ಇರಂಗಿಲ್ಲ. ಯಾರ ಹಂತೇಕರ ಹುಳಿ ಅದ ಏನು?"

"ನಮ್ಮ ಆಯಿ ಚೀಲದಾಗ ಲಿಂಬಿಹಣ್ಣು ಅದ! ವಾಸನಿ ಬಂದದ!"

ನನ್ನ ಲಿಂಬೆಹಣ್ಣು ನನ್ನ ಮೇಲೇ ತಿರುಗಿತು. ಕೊಡದೆ ಗತಿಯಿಲ್ಲ. ತಾಈ ಫರಶಿಯನ್ನು ಸ್ವಲ್ಪ ಕೆರೆದು ಪುಡಿ ಮಾಡಿಸಿ ಅದರ ಮೇಲೆ ಹಿಂಡಿಸಿದಳು, ಪಕ್ಕದ ಕರಿಕಲ್ಲಿನ ಪುಡಿಯ ಮೇಲೂ ಹಿಂಡಿಸಿದಳು. ಕರಿಕಲ್ಲು ಸುಮ್ಮನಿತ್ತು. ಓಂಕಾರ ಫರಶಿಯ ಮೇಲೆ ಬಗ್ಗಿದವನು ಕಣ್ಣರಳಿಸಿ, ಐದೂ ಬೆರಳು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸಿದ. ಗುಳ್ಳೆ! ಶರಣಿ ಕಲ್ಲಿಗೆ ಕಿವಿ ಹಚ್ಚಿದಳು. "ಶ್ಶ್! ಯಾರೂ ಉಸಿರಾಡಬ್ಯಾಡ್ರಿ" ಎಂದಳು. ಗುಡ್ಡವೇ ಸುಮ್ಮನಾಯಿತು. "ಮಾತಾಡ್ಲಾಕತ್ತದ," ಎಂದಳು. "ಸುಂಯ್ ಅಂತದ." ಆಮೇಲೆ ಓಂಕಾರನ ಅಂಗೈ ಹುಡುಕಿ ಹಿಡಿದು, ಕಿವಿ ಕೇಳದ ಅವನಿಗೆ ಆ ಸಪ್ಪಳವನ್ನು ಬೆರಳ ತುದಿಯಿಂದ ಚುಕುಚುಕು ಕುಟ್ಟಿ ತಿಳಿಸಿದಳು. ಅವನು ಅವಳ ಅಂಗೈಯಲ್ಲಿ ಗುಳ್ಳೆಗಳನ್ನು ಬರೆದು ತೋರಿಸಿದ.

"ಇದು ಶಹಾಬಾದಿನ ಫರಶಿ," ಎಂದಳು ತಾಈ. ಗೊತ್ತಿತ್ತು ಆಕೆಗೆ! "ಸಮುದ್ರದ ತಳದ ಕೆಸರು ಪದರ ಪದರ ಕೂತು ಆದ ಕಲ್ಲು. ಆದ್ರ ಈ ಗುಡ್ಡಕ್ಕ ಹ್ಯಾಂಗ ಬಂತು? ಅದು ನನಗೂ ಗೊತ್ತಿಲ್ಲ."

ನನಗೂ ಗೊತ್ತಿಲ್ಲ ಎನ್ನುವಾಗ ಆಕೆಯ ಮುಖ ನೋಡಬೇಕಿತ್ತು. ಪೇಢೆಯ ಡಬ್ಬಿ ತೆರೆದವರ ಮುಖ. ನಮ್ಮ ಮಾಸ್ತರರು ಆ ಮಾತು ಒಮ್ಮೆಯಾದರೂ ಅಂದಿದ್ದರೆ!

ನದಿ ತಂದಿತು, ಎಂದರು ಮಕ್ಕಳು. ನದಿ ತಂದಿದ್ದರೆ ಅಂಚು ಸವೆಯುತ್ತಿತ್ತು, ಇದರ ಅಂಚು ಚೂಪಾಗಿದೆ. ಟ್ರಕ್ಕಿನಿಂದ ಬಿತ್ತು. ಬಿದ್ದಿದ್ದರೆ ಮಣ್ಣು ಮೆತ್ತಿರುತ್ತಿತ್ತು, ಇದು ಒಳಗೆ ಇಟ್ಟು ತಂದ ಹಾಗೆ ಸ್ವಚ್ಛ ಇದೆ. ಮಕ್ಕಳು ಮಾತಾಡುತ್ತಿದ್ದಾಗ ಶರಣಿ ಸುಮ್ಮನೆ ಚೂರಿನ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದಳು. ಬೆರಳು ನಿಂತಿತು. ಹಿಂದೆ ಬಂತು. ಮತ್ತೆ ಓಡಿತು. ತುಟಿ ಅಲುಗಿದವು. ದೂರ ನಿಂತ ನನಗೆ ಕೇಳಿಸಲಿಲ್ಲ, ಆದರೆ ಆ ತುಟಿಯ ಅಲುಗಾಟ ನನಗೆ ಗೊತ್ತು.

ಬ. ಬ. ಬ. ಬ.

"ಕಲ್ಲು ತಾನಾಗಿ ಅಡ್ಡಾಡಂಗಿಲ್ಲ," ಎಂದಳು ಶರಣಿ. "ನಮ್ಮ ಆಯಿ ತಂದಾಳ."

"ಕಶಾವರೂನ್?"

"ಆಯಿ, ಇಲ್ಲಿ ಬಾ. ಕೈ ಕೊಡು. ಅದಲ್ಲ, ಎಡಗೈ."

ಹೋದೆ, ಕೊಟ್ಟೆ. ಎಲ್ಲರ ಮುಂದೆ, ಕಳ್ಳನ ಕೈ ಹಿಡಿದಂತೆ ಹಿಡಿದಳು. ಆಮೇಲೆ ತನ್ನ ತಾಈಗೆ ಒಂದೊಂದಾಗಿ ಹೇಳಿದಳು. ಒಂದು ಏಟಿಗೆ ಎರಡು ಚುಕ್ಕಿ, ಯಾಕೆಂದರೆ ಉಳಿ ಮುಕ್ಕಾಗಿದೆ. ವಾಲಿದ್ದು ಈ ಕಡೆಗೆ, ಯಾಕೆಂದರೆ ಸುತ್ತಿಗೆ ಎಡಗೈಯಲ್ಲಿದೆ. ಬಾಜೂ ಮನೆಯ ಕಲ್ಲಿನ ಮುಳ್ಳು ಹೀಗಿಲ್ಲ, ಅದು ಬೇರೆಯವರು ಹೊಡೆದದ್ದು. ಇನ್ನೂ ಸಾಲದಿದ್ದರೆ ನಮ್ಮ ಮನೆಗೆ ಬನ್ನಿ, ಮಂಚ ಕುಂಟುತ್ತಿರಬೇಕು.

ಮಕ್ಕಳು ಹೋ ಎಂದು ಕೂಗಿದವು. ಓಂಕಾರ ನನ್ನ ಎಡ ಅಂಗೈ ಮುಂದಿಟ್ಟುಕೊಂಡು ಅದರ ಚಿತ್ರ ತೆಗೆಯತೊಡಗಿದ. ತಾಈ ಬೆರಗಾಗಿ ಕೇಳಿದಳು, "ನಿಮ್ಮ ಆಈ ಕಲ್ಲಿನ ಕೆಲಸ ಮಾಡ್ತಾರ? ಮಸಾಲಿ ಕಾರಖಾನಿ ಅಂತ ಬರದಿತ್ತಲ್ಲ."

"ಅದು ಅವ್ವ. ಇದು ಆಯಿ. ಆಯಿ ಅಂದ್ರ ಆಜೀ."

ಒಂದೇ ಹೊತ್ತಿಗೆ ಎರಡೂ ಸುಳ್ಳು ಬಯಲಾದವು. ತಾಈ ಬಾಯಿ ಮುಚ್ಚಿಕೊಂಡು ನಕ್ಕಳು, ಪಟ್ಟಿಯಲ್ಲಿ 'ಆಈ' ಹೊಡೆದು 'ಆಜೀ' ಎಂದು ಬರೆದಳು. ಆಮೇಲೆ ಮೆಲ್ಲಗೆ ಕೇಳಿದಳು, "ಆಜೀ, ಆದ್ರ ಈ ಕಲ್ಲು ಯಾಕ ತಂದ್ರಿ?"

"ರೊಟ್ಟಿ ಕಟ್ಟೂ ಮುಂದ ಚೀಲದಾಗ ಬಿದ್ದಿರಬೇಕ್ರಿ," ಎಂದೆ.

ಮಂಚದ ಕಾಲಿನಡಿಯ ಕಲ್ಲು ಚೀಲಕ್ಕೆ ಹೇಗೆ ಬೀಳುತ್ತದೆ? ತಾಈ ಕೇಳಲಿಲ್ಲ. ಶರಣಿ ಕತ್ತು ಓರೆ ಮಾಡಿ ನನ್ನ ಕಡೆ ಕಿವಿ ತಿರುಗಿಸಿದಳು. ಅಷ್ಟೇ. ಇಳಿಯುವಾಗ ಮಾತ್ರ ಹಗ್ಗ ಬಿಟ್ಟು ನನ್ನ ಎಡಗೈ ಹಿಡಿದಿದ್ದಳು, ಸುತ್ತಿಗೆ ಹಿಡಿದು ಹಿಡಿದು ಹೆಬ್ಬೆರಳಿಗೆ ಎದ್ದ ಗಡ್ಡೆಯ ಮೇಲೆ ಬೆರಳಾಡಿಸುತ್ತ. ಆ ಖುಷಿಯಲ್ಲಿ ನಾನು ಎರಡು ಸಲ ಎಡವಿದೆ.

ಚೂರು ಈಗ ಶಾಲೆಯ ಕಪಾಟಿನಲ್ಲಿದೆ. ಮಂಚದ ಕಾಲಿಗೆ ಮಗ ಟೈಲ್ಸಿನ ತುಂಡು ಒಡ್ಡಿದ್ದಾನೆ; ಅದರ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ಮೊನ್ನೆ ಶಾಲೆಗೆ ಹೋದಾಗ ಚೂರಿನ ಕೆಳಗೆ ಶರಣಿ ತಾನೇ ಚುಕ್ಕಿಯಲ್ಲಿ ಬರೆದು ಅಂಟಿಸಿದ ಕಾಗದ ಕಂಡೆ. ಬೆರಳು ಇಟ್ಟು ಓದಿ ಹೇಳಿದಳು. ಏನು: ಫರಶಿ. ಎಲ್ಲಿಯದು: ಶಹಾಬಾದ್. ಸಿಕ್ಕದ್ದು: ಗುಡ್ಡದ ಮೇಲೆ, ನಾಲ್ಕನೆಯ ಗಂಟು. ತಂದವರು: ನಮ್ಮ ಆಯಿ. ಯಾಕೆ: ಇನ್ನೂ ಗೊತ್ತಾಗಿಲ್ಲ, ಹುಡುಕಾಟ ನಡೆದಿದೆ.

ತಾಈಯೂ ಪಕ್ಕದಲ್ಲೇ ನಿಂತಿದ್ದಳು. ಇಷ್ಟೆಲ್ಲ ತಿಳಿದ ಆಕೆಗೂ ಆ ಕಡೆಯ ಸಾಲಿನ ಉತ್ತರ ಗೊತ್ತಿಲ್ಲ. ಗೊತ್ತಿದ್ದವಳು ಇಡೀ ಪುಣೆಯಲ್ಲಿ ನಾನೊಬ್ಬಳೇ. ಈಗ ನಿಮಗೂ ಗೊತ್ತು, ಆದರೆ ನೀವು ಹೇಳುವುದಿಲ್ಲ ಎಂದು ನಂಬಿದ್ದೇನೆ. ಯಾಕೆಂದರೆ ಅವತ್ತಿನಿಂದ ಪ್ರತಿ ಸಂಜೆ ಶರಣಿ ಚೀಲ ಒಗೆದು ನೆಟ್ಟಗೆ ನನ್ನ ಹತ್ತಿರ ಬರುತ್ತಾಳೆ. ತೊಡೆಗೆ ತೊಡೆ ತಾಗಿಸಿ ಕುಳಿತು, ಎಡಗೈ ಎಳೆದುಕೊಂಡು, ದಿನಕ್ಕೊಂದು ಊಹೆ ಮಾಡುತ್ತಾಳೆ. ಊರು ನೆನಪಾಗಿತ್ತೇನು? ನಿನ್ನ ಕಲ್ಲಿಗೆ ಗುಡ್ಡ ತೋರಿಸಬೇಕಾಗಿತ್ತೇನು? ನಾನು ಅಲ್ಲ ಅಲ್ಲ ಎನ್ನುತ್ತೇನೆ. ಹೇಳಿಬಿಟ್ಟರೆ ನಾಳೆ ಬರುತ್ತಾಳೋ ಇಲ್ಲವೋ.

ನಿನ್ನೆಯೂ ಎಡಗೈ ಎಳೆದುಕೊಂಡು ಕುಳಿತಳು. ಬೆರಳು ನನ್ನ ಮಣಿಕಟ್ಟಿನ ನಾಡಿಯ ಮೇಲಿತ್ತು.

"ಆಯಿ," ಎಂದಳು. "ನಿನಗ ತಾಈ ಮ್ಯಾಲ ಹೊಟ್ಟೆಕಿಚ್ಚ ಏನು?"

ಸುನಂದಾಳ ಲಟ್ಟಣಿಗೆ ನಿಂತಿತು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಬಾಯಲ್ಲಿ ತರುವುದಿಲ್ಲ ಎಂದು ಹಟ ಹಿಡಿದಿದ್ದ ಆ ಮಾತು ತಾನಾಗಿ ಬಂದುಬಿಟ್ಟಿತು.

"ಕಶಾವರೂನ್?" ಎಂದೆ.